ರೆಸ್ಟೋರೆಂಟ್ ವೀಕ್‌ನಲ್ಲಿ ಊಟ: ಟೇಬಲ್ ಬುಕ್ ಮಾಡುವುದರಿಂದ ಬಿಲ್ ಕಟ್ಟುವವರೆಗೆ

ಹೆಸರಿಗೆ ‘ರೆಸ್ಟೋರೆಂಟ್ ವೀಕ್’. ಆದರೆ ಎಷ್ಟೋ ನಗರಗಳಲ್ಲಿ ಅದು ಒಂದು ವಾರಕ್ಕೆ ಮುಗಿಯುವುದಿಲ್ಲ, ಎರಡು-ಮೂರು ವಾರಗಳವರೆಗೆ ಎಳೆಯುತ್ತದೆ. ಪದ್ಧತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ನಗರದ ಹತ್ತಾರು ರೆಸ್ಟೋರೆಂಟುಗಳು ಸೇರಿ ಒಂದು ನಿಗದಿತ ದರ ಘೋಷಿಸುತ್ತವೆ. ಆ ದರಕ್ಕೆ ಸಾಮಾನ್ಯವಾಗಿ ಮಧ್ಯಾಹ್ನ ಎರಡು ಕೋರ್ಸ್, ರಾತ್ರಿ ಮೂರು ಕೋರ್ಸ್ ಊಟ. (ಕೋರ್ಸ್ ಎಂದರೆ ಒಂದಾದ ಮೇಲೊಂದು ಬರುವ ಊಟದ ಸುತ್ತು: ಮೊದಲು ಸ್ಟಾರ್ಟರ್, ಆಮೇಲೆ ಮುಖ್ಯ ತಿನಿಸಾದ ಮೇನ್, ಕೊನೆಗೆ ಸಿಹಿಯ ಡೆಸರ್ಟ್.) ಬೇರೆ ದಿನಗಳಲ್ಲಿ ಬಾಗಿಲಲ್ಲಿ ಮೆನು ಓದಿ ವಾಪಸ್ ಬರುವಂಥ ಜಾಗದಲ್ಲೂ ಕೂತು ಉಣ್ಣಬಹುದು ಎನ್ನುವುದೇ ಇದರ ಆಕರ್ಷಣೆ.

ಇದು ಶುರುವಾದದ್ದು ನ್ಯೂಯಾರ್ಕ್‌ನಲ್ಲಿ, 1992ರಲ್ಲಿ. ಆ ವರ್ಷದ ಜುಲೈನಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶ ಅಲ್ಲಿ ನಡೆಯಿತು. ಅದಕ್ಕೆ ಬರುವವರನ್ನು ಸೆಳೆಯಲು ರೆಸ್ಟೋರೆಂಟ್ ಗೈಡ್ ಪ್ರಕಾಶಕ ಟಿಮ್ ಜಗಾಟ್ ಮತ್ತು ರೆಸ್ಟೋರೆಂಟ್ ಉದ್ಯಮಿ ಜೋ ಬಾಮ್ ಸೇರಿ ಇಸವಿಯನ್ನೇ ದರವಾಗಿಸಿದರು: ಮಧ್ಯಾಹ್ನದ ಊಟಕ್ಕೆ 19.92 ಡಾಲರ್. ಈಗ ಅಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಎರಡೂ ವ್ಯಾಪಾರ ತಣ್ಣಗಿರುವ ಕಾಲ. ಸದಾ ತುಂಬಿರುವ ಶನಿವಾರವನ್ನು ಆಫರ್‌ನಿಂದ ಹೊರಗಿಡುವುದೂ ಅಲ್ಲಿನ ರೂಢಿ. ರೆಸ್ಟೋರೆಂಟಿನವರು ಏನನ್ನು ಕಡಿಮೆ ಬೆಲೆಗೆ ಮಾರುತ್ತಿದ್ದಾರೆ ಎಂಬುದು ಇದರಲ್ಲೇ ಇದೆ. ಮಾರುತ್ತಿರುವುದು ಅಡುಗೆಗಿಂತ ಹೆಚ್ಚಾಗಿ ಖಾಲಿ ಕುರ್ಚಿಯನ್ನು.

ಬಾಡಿಗೆ, ಸಂಬಳ, ಕರೆಂಟ್ ಬಿಲ್ ಇವೆಲ್ಲ ಕುರ್ಚಿ ತುಂಬಿದರೂ ಇದ್ದದ್ದೇ, ಖಾಲಿ ಇದ್ದರೂ ಇದ್ದದ್ದೇ. ಹೊಸದಾಗಿ ಒಬ್ಬ ಗಿರಾಕಿ ಬಂದಾಗ ಕೂಡಿಕೊಳ್ಳುವ ಖರ್ಚು ಮುಖ್ಯವಾಗಿ ಅಡುಗೆ ಸಾಮಾನಿನದು. ಅದು ಮೆನು ಬೆಲೆಯಲ್ಲಿ ಸುಮಾರು ಮೂರನೇ ಒಂದು ಪಾಲು. 100ರ ಊಟವನ್ನು 75ಕ್ಕೆ ಕೊಟ್ಟರೂ ಸಾಮಾನಿಗೆ 30 ಹೋಗಿ 45 ಉಳಿಯುತ್ತದೆ. ಸಾಮಾನೇ ದುಬಾರಿಯಾದರೆ ಈ ಲೆಕ್ಕ ಕೂಡಿಬರುವುದಿಲ್ಲ. ಆಫರ್ ಮೆನುವಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ, ಯಾವುದಕ್ಕೆ ಹೆಚ್ಚುವರಿ ಹಣ ಕೇಳುತ್ತಾರೆ ಎಂಬುದೆಲ್ಲ ಈ ಒಂದು ಲೆಕ್ಕದಿಂದಲೇ ಹುಟ್ಟುತ್ತದೆ. ಮುಂದೆ ಪದೇ ಪದೇ ಇದಕ್ಕೇ ವಾಪಸ್ ಬರುತ್ತೇವೆ. (ಇಲ್ಲಿನ ಅಂಕಿಗಳೆಲ್ಲ ಲೆಕ್ಕ ತೋರಿಸಲಿಕ್ಕಷ್ಟೆ, ನಿಮ್ಮ ದುಡ್ಡಿನಲ್ಲಿ ಓದಿಕೊಳ್ಳಿ.)

ಹಂತ 1: ಆಫರ್ ಯಾವ ಬಗೆಯದು?

‘ರಿಯಾಯಿತಿ’ ಎಂಬ ಒಂದೇ ಬೋರ್ಡಿನ ಕೆಳಗೆ ನಾಲ್ಕಾರು ಬೇರೆ ಬೇರೆ ವ್ಯವಹಾರಗಳಿರುತ್ತವೆ. ನಿಗದಿತ ದರದ ಮೆನು ಒಂದು. ಒಟ್ಟು ಬಿಲ್ ಮೇಲೆ ಶೇಕಡಾವಾರು ಕಡಿತ ಇನ್ನೊಂದು. ಒಂದು ತಿಂದರೆ ಇನ್ನೊಂದು ಉಚಿತ ಎನ್ನುವುದು ಮತ್ತೊಂದು. ಮೊದಲೇ ದುಡ್ಡು ಕಟ್ಟಿ ಕೊಳ್ಳುವ ಕೂಪನ್ ಕೊನೆಯದು. ಪ್ರತಿಯೊಂದರಲ್ಲೂ ಕೈ ಸುಡುವ ಜಾಗ ಬೇರೆ.

ಶೇಕಡಾವಾರು ಕಡಿತದಲ್ಲಿ ಗರಿಷ್ಠ ಮಿತಿ ನೋಡಿ. ‘50% ರಿಯಾಯಿತಿ, ಗರಿಷ್ಠ 20’ ಎಂದಿದ್ದರೆ 40ರ ಬಿಲ್‌ಗೆ ಅದು ನಿಜವಾಗಿ ಅರ್ಧ. 100ರ ಬಿಲ್‌ಗೆ ಬರೀ 20%. ಇಬ್ಬರೇ ಹೋಗಿ ಚಿಕ್ಕ ಬಿಲ್ ಮಾಡಿದರೆ ಲಾಭ, ಎಂಟು ಜನರ ಗುಂಪಿಗೆ ಅಂಥ ಆಫರ್ ಕೆಲಸಕ್ಕೆ ಬಾರದು. ಒಂದಕ್ಕೊಂದು ಉಚಿತ ಎಂಬಲ್ಲಿ ಎರಡರಲ್ಲಿ ಕಡಿಮೆ ಬೆಲೆಯದೇ ಉಚಿತವಾಗುವುದು ವಾಡಿಕೆ. ಹಾಗಾಗಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಬೆಲೆಯ ತಿನಿಸು ತರಿಸಿಕೊಳ್ಳಬೇಕು. ಕೂಪನ್ ಕೊಳ್ಳುವ ಮೊದಲು ಅವಧಿ ಯಾವತ್ತು ಮುಗಿಯುತ್ತದೆ, ಯಾವ ದಿನ ನಡೆಯುವುದಿಲ್ಲ, ಟೇಬಲ್ ಸಿಗದಿದ್ದರೆ ಹಣ ವಾಪಸಾಗುತ್ತದೆಯೇ ಎಂದು ಓದಿ. ಟೇಬಲ್ ಖಾತ್ರಿಯಾಗದೆ ಕೂಪನ್ ಕೊಳ್ಳಲೇಬೇಡಿ.

ಎಲ್ಲ ಬಗೆಗೂ ಅನ್ವಯಿಸುವ ಒಂದು ಮಾತು: ಎರಡು ಆಫರ್‌ಗಳನ್ನು ಜೋಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ನಿಗದಿತ ದರದ ಮೆನು ತಿಂದು ಅದರ ಮೇಲೆ ಕಾರ್ಡಿನ ಕಡಿತವನ್ನೂ ನೆಚ್ಚಿಕೊಂಡು ಹೋದರೆ ಬಿಲ್ ಬಂದಾಗ ನಿರಾಸೆಯಾಗುತ್ತದೆ.

ಈ ಬರಹದ ಉಳಿದ ಭಾಗ ಹೆಚ್ಚಾಗಿ ನಿಗದಿತ ದರದ ಮೆನು ಕುರಿತದ್ದು. ರೆಸ್ಟೋರೆಂಟ್ ವೀಕ್ ಎಂದರೆ ಮುಖ್ಯವಾಗಿ ಅದೇ.

ಹಂತ 2: ಲೆಕ್ಕ ಮನೆಯಲ್ಲೇ ಮುಗಿಸಿ

ಆಫರ್ ಮೆನು ಸಾಮಾನ್ಯವಾಗಿ ಮೊದಲೇ ಪ್ರಕಟವಾಗಿರುತ್ತದೆ. ಪಕ್ಕದಲ್ಲಿ ಅದೇ ರೆಸ್ಟೋರೆಂಟಿನ ಮಾಮೂಲಿ ಮೆನು ಇಟ್ಟುಕೊಂಡು ಹೀಗೆ ನೋಡಿ.

ಸ್ಟಾರ್ಟರ್ 25, ಮೇನ್ ಕೋರ್ಸ್ 60, ಡೆಸರ್ಟ್ 20. ಬಿಡಿಬಿಡಿಯಾಗಿ ತಗೊಂಡರೆ 105. ಆಫರ್ ದರ 80. ಉಳಿತಾಯ 25, ಅಂದರೆ ಸುಮಾರು 24%. ಜಾಹೀರಾತಿನಲ್ಲಿ ಬರುವುದು ಈ ಲೆಕ್ಕ.

ಈಗ ನಿಮ್ಮ ಲೆಕ್ಕ. ನೀವು ಡೆಸರ್ಟ್ ತಿನ್ನುವವರೇ ಅಲ್ಲ ಎಂದುಕೊಳ್ಳಿ. ಬೇರೆ ದಿನ ಬಂದಿದ್ದರೆ ಸ್ಟಾರ್ಟರ್, ಮೇನ್ ಸೇರಿ 85ಕ್ಕೆ ಎದ್ದು ಬರುತ್ತಿದ್ದಿರಿ. ಇವತ್ತು 80. ಉಳಿದದ್ದು 5, ಅಂದರೆ 6% ಅಷ್ಟೆ. ಸ್ಟಾರ್ಟರೂ ಬೇಡ, ಮೇನ್ ಒಂದೇ ಸಾಕು ಎನ್ನುವವರಾದರೆ 60ರ ಜಾಗದಲ್ಲಿ 80 ಕೊಟ್ಟು ಬಂದ ಹಾಗಾಯಿತು. ಅದು ರಿಯಾಯಿತಿಯಲ್ಲ, ಹೆಚ್ಚುವರಿ ಖರ್ಚು. ಹೋಲಿಸಬೇಕಾದದ್ದು ಮೆನುವಿನ ಒಟ್ಟು ಬೆಲೆಯ ಜತೆಗಲ್ಲ, ಆಫರ್ ಇರದಿದ್ದರೆ ನೀವು ತಿನ್ನುತ್ತಿದ್ದುದರ ಬೆಲೆಯ ಜತೆಗೆ.

ಎರಡನೆಯ ಬಲೆ ‘ಹೆಚ್ಚುವರಿ ದರ’. ಮೆನುವಿನಲ್ಲಿ ಕೆಲವು ತಿನಿಸುಗಳ ಪಕ್ಕ ಸಣ್ಣ ಅಕ್ಷರದಲ್ಲಿ ‘+15’ ಎಂದಿರುತ್ತದೆ. ಸ್ಟೇಕ್ (ಸುಟ್ಟು ಬಡಿಸುವ ದಪ್ಪ ಮಾಂಸದ ತುಂಡು), ಸೀಗಡಿ, ಟ್ರಫಲ್ ಅಣಬೆ ಹಾಕಿದ ಪಾಸ್ತಾ ಇತ್ಯಾದಿ. ಮೇಲಿನ ಉದಾಹರಣೆಯಲ್ಲಿ ಮೇನ್‌ಗೆ 15 ಸೇರಿದರೆ 80 ಹೋಗಿ 95 ಆಯಿತು. 24% ಇದ್ದ ಉಳಿತಾಯ 10%ಕ್ಕಿಂತ ಕೆಳಗಿಳಿಯಿತು. ಹೆಚ್ಚುವರಿ ದರ ಕೇಳುವುದೇ ತಪ್ಪು ಎಂದಲ್ಲ. ಮಾಮೂಲಿ ಮೆನುವಿನಲ್ಲಿ ಆ ತಿನಿಸು ಉಳಿದವುಗಳಿಗಿಂತ 30 ಹೆಚ್ಚಿದ್ದು ಇಲ್ಲಿ 15 ಮಾತ್ರ ಕೇಳುತ್ತಿದ್ದರೆ ಅದೇ ಒಳ್ಳೆಯ ಆಯ್ಕೆ. ಐದೂ ಮೇನ್‌ಗಳಲ್ಲಿ ನಾಲ್ಕಕ್ಕೆ ಪ್ಲಸ್ ಗುರುತಿದ್ದರೆ ಮಾತ್ರ ಆ ದರ ಬರೀ ಗಾಳ ಎಂದು ತಿಳಿಯಿರಿ.

ಮೂರನೆಯದು, ಕುಡಿಯುವುದು ಮತ್ತು ತೆರಿಗೆ. ಬಹುತೇಕ ಕಡೆ ನಿಗದಿತ ದರದಲ್ಲಿ ಪಾನೀಯ, ತೆರಿಗೆ, ಸರ್ವಿಸ್ ಚಾರ್ಜ್, ಟಿಪ್ಸ್ ಯಾವುದೂ ಸೇರಿರುವುದಿಲ್ಲ. 80ರ ಊಟದ ಜತೆ 18ರಂತೆ ಎರಡು ಗ್ಲಾಸ್ ಪಾನೀಯ ತಗೊಂಡರೆ 116. ತೆರಿಗೆ, ಸರ್ವಿಸ್ ಎಲ್ಲ ಸೇರಿ 20% ಎಂದಿಟ್ಟುಕೊಂಡರೆ ಒಬ್ಬರಿಗೆ 139. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಜೇಬಿನಲ್ಲಿ ಎಷ್ಟಿರಬೇಕು ಎಂದು ಅಂದಾಜಿಸುವಾಗ ಆಫರ್ ದರದ ಒಂದೂಮುಕ್ಕಾಲು ಪಟ್ಟು ಹಿಡಿಯಿರಿ. ಬರೀ ನೀರು ಕುಡಿಯುವವರಾದರೆ ಒಂದೂಕಾಲು ಪಟ್ಟು ಸಾಕು.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ನಿಗದಿತ ದರ ಎಲ್ಲರಿಗೂ ಒಂದೇ, ಆದರೆ ಮಾಮೂಲಿ ಮೆನುವಿನಲ್ಲಿ ತರಕಾರಿಯ ಮೇನ್ ಕೋರ್ಸ್ ಸಾಮಾನ್ಯವಾಗಿ ಮಾಂಸ, ಮೀನಿನದಕ್ಕಿಂತ ಅಗ್ಗ. ಮಾಂಸದ ಮೇನ್ 60, ತರಕಾರಿಯದು 38 ಇದ್ದರೆ ಸಸ್ಯಾಹಾರಿಯ ಬಿಡಿ ಊಟ 83, ಆಫರ್ 80. ಉಳಿತಾಯ ಇಲ್ಲವೆಂದೇ ಹೇಳಬೇಕು. ಸಸ್ಯಾಹಾರಕ್ಕೆ ಬೇರೆಯದೇ ಕಡಿಮೆ ದರ ಇಟ್ಟಿರುವ ರೆಸ್ಟೋರೆಂಟ್ ಹುಡುಕಿ. ಇಲ್ಲವೇ ಶೇಕಡಾವಾರು ಕಡಿತದ ಆಫರ್ ಕಡೆಗೆ ಹೋಗಿ; ಅದರಲ್ಲಿ ಈ ಅನ್ಯಾಯವಿಲ್ಲ.

ಹಂತ 3: ರೆಸ್ಟೋರೆಂಟ್ ಆರಿಸುವುದು

ಪಟ್ಟಿಯಲ್ಲಿ ನೂರಾರು ಹೆಸರಿದ್ದರೂ ಸೋಸಿದ ಮೇಲೆ ನಿಲ್ಲುವುದು ಹತ್ತೋ ಹದಿನೈದೋ. ಮೊದಲ ಜರಡಿ ಬೆಲೆಯದು: ಮಾಮೂಲಿ ಮೂರು ಕೋರ್ಸ್ ಊಟ ಆಫರ್ ದರದ ಕನಿಷ್ಠ ಒಂದೂಕಾಲು ಪಟ್ಟು ಇರಬೇಕು, ಒಂದೂವರೆ ಪಟ್ಟು ಇದ್ದರಂತೂ ಬಿಡಬೇಡಿ. ವರ್ಷವಿಡೀ ಅಷ್ಟೇ ದರಕ್ಕೆ ಮಧ್ಯಾಹ್ನದ ಊಟ ಕೊಡುವ ರೆಸ್ಟೋರೆಂಟುಗಳೂ ಈ ಪಟ್ಟಿಯಲ್ಲಿ ಸೇರಿಕೊಂಡಿರುತ್ತವೆ. ಅಲ್ಲಿಗೆ ಹೋಗಲು ಇಂಥ ನೂಕುನುಗ್ಗಲ ಕಾಲವೇ ಯಾಕೆ ಬೇಕು?

ಎರಡನೆಯ ಜರಡಿ ಮೆನುವಿನದು. ಆ ರೆಸ್ಟೋರೆಂಟ್ ಯಾವ ತಿನಿಸಿಗೆ ಹೆಸರುವಾಸಿಯೋ ಅದು ಆಫರ್ ಮೆನುವಿನಲ್ಲಿ ಇದೆಯೇ? ಒಂದಾದರೂ ಇದ್ದರೆ ಅವರು ಹೊಸಬರನ್ನು ಕಾಯಂ ಗಿರಾಕಿ ಮಾಡಿಕೊಳ್ಳುವ ಉದ್ದೇಶದಿಂದ ಸೇರಿದ್ದಾರೆ ಎಂದರ್ಥ. ಸೂಪು, ಹಸಿರು ಸಲಾಡ್, ಕೋಳಿಯ ಎದೆಮಾಂಸ, ಸಾಲ್ಮನ್ ಮೀನು, ಚಾಕೊಲೇಟ್ ಕೇಕ್ ಎಂಬ ಎಲ್ಲಿಯೂ ಸಿಗುವ ಪಟ್ಟಿಯಾದರೆ ಸೀಟು ತುಂಬಿಸಲಿಕ್ಕಷ್ಟೇ ಸೇರಿದ್ದಾರೆ. ಪ್ರತಿ ಕೋರ್ಸ್‌ನಲ್ಲಿ ಮೂರು-ನಾಲ್ಕು ಆಯ್ಕೆ ಇರುವುದು ಒಳ್ಳೆಯ ಲಕ್ಷಣ. ಒಂದೇ ಇದ್ದರೆ ನಿಮಗೆ ಒಗ್ಗದಿದ್ದಾಗ ಬೇರೆ ದಾರಿಯಿರುವುದಿಲ್ಲ. ಹತ್ತಿದ್ದರೂ ಹುಷಾರು: ಅಷ್ಟೊಂದು ತಿನಿಸನ್ನು ನೂಕುನುಗ್ಗಲಲ್ಲಿ ತಾಜಾ ಮಾಡುವ ಅಡುಗೆಮನೆಗಳು ಕಡಿಮೆ. ‘ಮಾದರಿ ಮೆನು, ಬದಲಾಗಬಹುದು’ ಎಂದು ಬರೆದಿದ್ದರೆ ಅದನ್ನು ನಂಬಿ ಹೊರಡುವ ಮುಂಚೆ ಫೋನ್ ಮಾಡಿ.

ಜಾಗದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಹೋಟೆಲ್‌ಗಳ ಒಳಗಿರುವ ರೆಸ್ಟೋರೆಂಟುಗಳಿಗೆ ಮದುವೆ, ಸಮ್ಮೇಳನಗಳಿಗೆ ಒಟ್ಟಿಗೆ ಬಡಿಸಿ ಅಭ್ಯಾಸ. ಆಫರ್ ದಟ್ಟಣೆಯಲ್ಲಿ ಅವು ಅಷ್ಟು ಸುಲಭಕ್ಕೆ ಎಡವುವುದಿಲ್ಲ. ಮೂವತ್ತು ಸೀಟಿನ, ಒಬ್ಬ ಶೆಫ್ ಕೈರುಚಿಗೆ ಹೆಸರಾದ ಜಾಗಕ್ಕೆ ಆಫರ್ ಇಲ್ಲದ ದಿನ ಹೋಗುವುದೇ ವಾಸಿ.

ಹಂತ 4: ದಿನ, ಹೊತ್ತು, ಬುಕಿಂಗ್

ಮಧ್ಯಾಹ್ನದ ಊಟವೋ ರಾತ್ರಿಯದೋ ಎಂಬ ಪ್ರಶ್ನೆ ಬಂದರೆ ಕಣ್ಣುಮುಚ್ಚಿ ಮಧ್ಯಾಹ್ನ ಎನ್ನಿ. ಅದೇ ಅಡುಗೆಮನೆ, ಅದೇ ತಟ್ಟೆ, ಬೆಲೆ ಕಡಿಮೆ, ಜನವೂ ಕಡಿಮೆ. ಮಧ್ಯಾಹ್ನ ಕುಡಿಯುವವರೂ ಕಡಿಮೆಯಾದ್ದರಿಂದ ಬಿಲ್ ತಾನಾಗಿಯೇ ಹಿಡಿತದಲ್ಲಿರುತ್ತದೆ. ಒಂದು ಎಚ್ಚರಿಕೆ: ಉಳಿತಾಯದ ಶೇಕಡಾವಾರು ರಾತ್ರಿಯಲ್ಲೇ ಹೆಚ್ಚಿರುವ ರೆಸ್ಟೋರೆಂಟುಗಳೂ ಇವೆ, ಏಕೆಂದರೆ ಅವುಗಳ ಮಧ್ಯಾಹ್ನದ ಮಾಮೂಲಿ ದರವೇ ಕಡಿಮೆ. ಹಂತ 2ರ ಲೆಕ್ಕವನ್ನು ಎರಡೂ ಹೊತ್ತಿಗೆ ಹಾಕಿ ನೋಡಿ.

ವಾರದ ದಿನಗಳಲ್ಲಿ ಮಂಗಳವಾರ, ಬುಧವಾರ ಒಳ್ಳೆಯವು. ಶುಕ್ರವಾರ ರಾತ್ರಿ ಆಫರ್ ಇದ್ದರೂ ಬೇಡ. ಇಡೀ ಅವಧಿಯಲ್ಲಿ ಮೊದಲ ಎರಡು ದಿನ ತಪ್ಪಿಸಿ: ಹೊಸ ಮೆನು ಇನ್ನೂ ಅಡುಗೆಯವರ ಕೈಗೆ ಕೂತಿರುವುದಿಲ್ಲ, ಯಾವ ತಿನಿಸು ಎಷ್ಟು ಹೋಗುತ್ತದೆ ಎಂಬ ಅಂದಾಜೂ ಇರುವುದಿಲ್ಲ. ಕೊನೆಯ ಎರಡು ದಿನವೂ ಬೇಡ. ಸಿಬ್ಬಂದಿ ದಣಿದಿರುತ್ತಾರೆ, ಆಫರ್‌ಗೆಂದು ತರಿಸಿದ ಸಾಮಾನು ಮುಗಿಯುತ್ತಾ ಬಂದು ‘ಅದಿಲ್ಲ, ಇದಿದೆ’ ಶುರುವಾಗಿರುತ್ತದೆ.

ಹೊತ್ತಿನ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ಸಂಜೆ ಮೊದಲ ಸರದಿ ಖಾಲಿ ಖಾಲಿ ಎಂದು ಬೇಡವೆನ್ನುತ್ತಾರೆ. ವಾಸ್ತವದಲ್ಲಿ ಅದೇ ಚೆನ್ನಾದ ಸರದಿ: ಅಡುಗೆಮನೆಗೆ ಪುರುಸೊತ್ತಿದೆ, ಎಲ್ಲ ತಿನಿಸೂ ಇದೆ. ಕೆಟ್ಟದ್ದು ನಡುವಿನ ಸರದಿ. ಮೊದಲ ಸರದಿಯವರು ಡೆಸರ್ಟ್ ತಿನ್ನುತ್ತಾ ಇನ್ನೂ ಎದ್ದಿರುವುದಿಲ್ಲ, ಎರಡನೆಯವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ, ಎಲ್ಲ ಆರ್ಡರ್‌ಗಳೂ ಒಂದೇ ಸಲ ಅಡುಗೆಮನೆಗೆ ನುಗ್ಗುತ್ತವೆ. ಅಡುಗೆಮನೆ ಮುಚ್ಚುವುದಕ್ಕೆ ಒಂದೂವರೆ ಗಂಟೆ ಮುಂಚಿನ ಸರದಿಯೂ ಪರವಾಗಿಲ್ಲ, ಕೆಲವು ತಿನಿಸು ಮುಗಿದಿರಬಹುದು ಅಷ್ಟೆ.

ಬುಕಿಂಗ್ ತೆರೆದ ದಿನವೇ ಮೊದಲ ಆಯ್ಕೆಯನ್ನು ಹಿಡಿದುಬಿಡಿ. ಜನಪ್ರಿಯ ಜಾಗಗಳ ಸಂಜೆಯ ಟೇಬಲ್‌ಗಳು ಬೇಗ ಮುಗಿಯುತ್ತವೆ. ಸಿಗದಿದ್ದರೆ ಕಾಯುವ ಪಟ್ಟಿಗೆ ಹೆಸರು ಕೊಟ್ಟಿರಿ. ಎಷ್ಟೋ ಕಡೆ ರದ್ದು ಮಾಡಲು 24 ಗಂಟೆಯ ಗಡುವಿರುತ್ತದೆ, ಅದು ಮುಗಿಯುವ ಹೊತ್ತಿಗೆ ಟೇಬಲ್‌ಗಳು ಬಿಟ್ಟುಕೊಳ್ಳುತ್ತವೆ. ಹಿಂದಿನ ದಿನ ಅದೇ ಹೊತ್ತಿಗೆ ಮತ್ತೊಮ್ಮೆ ಆ್ಯಪ್ ತೆರೆದು ನೋಡಿ. ಒಬ್ಬರೇ ಹೋಗುವವರಿಗೆ ಕೌಂಟರ್ ಸೀಟು ಹಲವು ಕಡೆ ಬುಕಿಂಗ್ ಇಲ್ಲದೆಯೇ ಸಿಗುತ್ತದೆ, ಆದರೆ ಅಲ್ಲಿ ಆಫರ್ ಮೆನು ಕೊಡುತ್ತಾರೆಯೇ ಎಂದು ಕೇಳಿಯೇ ಕೂರಿ.

ಮೂರು ಕಡೆ ಬುಕ್ ಮಾಡಿಟ್ಟು ಕೊನೆಗೆ ಒಂದಕ್ಕೆ ಹೋಗುವ ಚಾಳಿ ಬೇಡ. ಬುಕಿಂಗ್ ಸಮಯದಲ್ಲಿ ಕಾರ್ಡ್ ನಂಬರ್ ತೆಗೆದುಕೊಂಡಿದ್ದರೆ ಬಾರದವರಿಂದ ತಲೆಗೆ ಇಷ್ಟು ಎಂದು ಕಡಿತ ಮಾಡುತ್ತಾರೆ. ಒಂದೊಂದು ಕಡೆ ಅದು ಊಟದ ದರಕ್ಕೇ ಸಮ. ನಾಲ್ವರಿಗೆ ಬುಕ್ ಮಾಡಿ ಮೂವರು ಹೋದರೂ ನಾಲ್ಕನೆಯವರ ದಂಡ ಬೀಳಬಹುದು. ಜನ ಕಡಿಮೆಯಾದರೆ ಗಡುವಿನೊಳಗೆ ತಿಳಿಸಿಬಿಡಿ.

ಫೋನಿನಲ್ಲಿ ಕೇಳಬೇಕಾದ ಆರು ಪ್ರಶ್ನೆ

ಆ್ಯಪ್‌ನಲ್ಲಿ ಬುಕ್ ಮಾಡಿದ್ದರೂ ಒಂದು ಫೋನ್ ಕರೆ ಅಗತ್ಯ. ಊಟದ ಹೊತ್ತಿನಲ್ಲಿ ಮಾಡಬೇಡಿ, ಮಧ್ಯಾಹ್ನ ಮೂರರಿಂದ ಐದರ ನಡುವೆ ಮಾಡಿದರೆ ಸಮಾಧಾನದಿಂದ ಉತ್ತರ ಸಿಗುತ್ತದೆ.

1. ನಾವು ಬರುವ ದಿನ, ಆ ಹೊತ್ತಿನಲ್ಲಿ ಆಫರ್ ಮೆನು ಇದೆಯೇ? (ಮಧ್ಯಾಹ್ನಕ್ಕೆ ಮಾತ್ರ ಸೇರಿಕೊಂಡವರಿರುತ್ತಾರೆ.)
2. ಟೇಬಲ್‌ನಲ್ಲಿರುವ ಎಲ್ಲರೂ ಅದನ್ನೇ ತೆಗೆದುಕೊಳ್ಳಬೇಕೇ, ಒಬ್ಬಿಬ್ಬರು ಮಾಮೂಲಿ ಮೆನುವಿನಿಂದ ತರಿಸಬಹುದೇ?
3. ಟೇಬಲ್ ಎಷ್ಟು ಹೊತ್ತಿಗೆ ಬಿಟ್ಟುಕೊಡಬೇಕು?
4. ಸರ್ವಿಸ್ ಚಾರ್ಜ್ ಸೇರಿಸುತ್ತೀರಾ? ಎಷ್ಟು ಜನರ ಮೇಲಾದರೆ?
5. ತಿನಿಸು ಬದಲಾಯಿಸಿಕೊಡುತ್ತೀರಾ? ಅಲರ್ಜಿ ಇದ್ದರೆ ಏನು ವ್ಯವಸ್ಥೆ?
6. ಎಷ್ಟು ನಿಮಿಷ ತಡವಾದರೆ ಟೇಬಲ್ ಹೋಗುತ್ತದೆ?

ಎರಡನೆಯದು ಮಕ್ಕಳನ್ನು ಕರೆದೊಯ್ಯುವವರಿಗೆ ಬಹಳ ಮುಖ್ಯ. ಐದು ವರ್ಷದ ಮಗುವಿಗೂ ಪೂರ್ತಿ ಮೂರು ಕೋರ್ಸ್ ದರ ಹಾಕುವ ಜಾಗಗಳಿವೆ. ಐದನೆಯದರಲ್ಲಿ ಅಲರ್ಜಿಯ ಮಾತನ್ನು ಬುಕಿಂಗ್ ಟಿಪ್ಪಣಿಯಲ್ಲೂ ಬರೆಸಿ, ಟೇಬಲ್‌ಗೆ ಬಂದ ಮೇಲೂ ಹೇಳಿ. ಆಫರ್ ದಿನಗಳಲ್ಲಿ ಸಾಸ್, ಮಸಾಲೆ ಎಲ್ಲ ಬೆಳಗ್ಗೆಯೇ ದೊಡ್ಡ ಪ್ರಮಾಣದಲ್ಲಿ ಕಲಸಿಟ್ಟಿರುತ್ತಾರೆ. ಆ ಹೊತ್ತಿನಲ್ಲಿ ‘ಕಡಲೆಕಾಯಿ ತೆಗೆದು ಕೊಡಿ’ ಎಂದರೆ ತೆಗೆಯಲು ಬರುವುದಿಲ್ಲ.

ಹಂತ 5: ಗದ್ದಲದಲ್ಲೂ ಕೆಡದ ತಿನಿಸು ಆರಿಸಿ

ಆಫರ್ ಊಟ ಚೆನ್ನಾಗಿತ್ತೋ ಇಲ್ಲವೋ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ಇಲ್ಲಿ. ತುಂಬಿದ ಅಡುಗೆಮನೆಯಲ್ಲಿ ಯಾವ ತಿನಿಸು ನಿಭಾಯಿಸುತ್ತದೆ, ಯಾವುದು ಕೈಕೊಡುತ್ತದೆ ಎಂದು ಯೋಚಿಸಿ ಆರ್ಡರ್ ಮಾಡಬೇಕು.

ನಿಧಾನ ಬೇಯಿಸಿದ ಮಾಂಸ ಕಣ್ಣುಮುಚ್ಚಿ ಆರಿಸಬಹುದಾದ ತಿನಿಸು. ತೊಡೆ, ಭುಜ, ಪಕ್ಕೆಲುಬಿನಂಥ ಅಗ್ಗದ ಭಾಗಗಳನ್ನು ಮೂರು-ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ ಇಟ್ಟಿರುತ್ತಾರೆ. ಮಾಂಸದ ಗಟ್ಟಿ ನಾರು ಆ ಹೊತ್ತಿಗೆ ಕರಗಿ ಜೆಲಟಿನ್ ಆಗಿರುತ್ತದೆ. ಆಮೇಲೆ ಅರ್ಧ ಗಂಟೆ ಕಾದರೂ, ಮತ್ತೆ ಬಿಸಿ ಮಾಡಿದರೂ ರುಚಿ ಕೆಡುವುದಿಲ್ಲ. ರೆಸ್ಟೋರೆಂಟಿಗೆ ಸಾಮಾನು ಅಗ್ಗ, ನಿಮಗೆ ಕೆಲಸ ಹೆಚ್ಚು ಬೇಡುವ ತಿನಿಸು ಸಿಕ್ಕಿತು, ಇಬ್ಬರಿಗೂ ಲಾಭ. ಇದೇ ತರ್ಕ ಸೂಪಿಗೆ, ಗಟ್ಟಿ ಸಾರಿನಂಥವಕ್ಕೆ, ಓವನ್‌ನಲ್ಲಿ ಪದರ ಪದರವಾಗಿ ಬೇಯಿಸಿದ ಪಾಸ್ತಾಕ್ಕೂ ಸಲ್ಲುತ್ತದೆ.

ಸ್ಟೇಕ್‌ನ ಕತೆ ತಿರುಗಾಮುರುಗಾ. ಅರೆಬೆಂದ ಹದಕ್ಕೂ ಪೂರ್ತಿ ಬೆಂದ ಹದಕ್ಕೂ ನಡುವೆ ಇರುವುದು ಕೆಲವೇ ನಿಮಿಷ. ಬೆಂದ ಮೇಲೆ ಬಡಿಸುವವರಿಗಾಗಿ, ತಟ್ಟೆ ಬಿಸಿಯಾಗಿಡುವ ದೀಪದ ಕೆಳಗೆ ಕಾದರೆ ಒಳಗಿನ ಶಾಖಕ್ಕೇ ಇನ್ನಷ್ಟು ಬೇಯುತ್ತದೆ. ಮೀನಿನ ತುಂಡೂ ಹಾಗೇ, ಅದರಲ್ಲೂ ತೆಳುವಾದದ್ದು. ಇಟಲಿಯ ಅಕ್ಕಿ ತಿನಿಸಾದ ರಿಸೊಟ್ಟೊವನ್ನು ಮುಕ್ಕಾಲು ಬೇಯಿಸಿಟ್ಟು ಆರ್ಡರ್ ಬಂದಾಗ ಮುಗಿಸುವುದು ರೆಸ್ಟೋರೆಂಟುಗಳ ರೂಢಿ. ಕೊನೆಯ ನಾಲ್ಕೈದು ನಿಮಿಷ ಯಾರಾದರೂ ಎದುರು ನಿಂತು ಕೈಯಾಡಿಸಿದರೆ ಸೊಗಸು, ಇಲ್ಲದಿದ್ದರೆ ಮುದ್ದೆ. ಕರಿದ ತಿನಿಸು ಟೇಬಲ್‌ಗೆ ಬರುವಷ್ಟರಲ್ಲಿ ಮೆತ್ತಗಾಗುವ ಅಪಾಯ ನಡುವಿನ ಸರದಿಯಲ್ಲಿ ಹೆಚ್ಚು.

ಡೆಸರ್ಟ್‌ನಲ್ಲಿ ಮೂಸ್, ಚೀಸ್‌ಕೇಕ್, ಪಾನಾಕೋಟಾದಂಥ ತಣ್ಣನೆಯವು ಮುಂಚೆಯೇ ತಯಾರಾಗಿ ಫ್ರಿಜ್‌ನಲ್ಲಿ ಕಾಯುತ್ತಿರುತ್ತವೆ; ಅವು ಹಾಗೆ ಕಾಯಬೇಕಾದವೇ. ಒಳಗೆ ಕರಗಿದ ಚಾಕೊಲೇಟ್ ಇರುವ ಕೇಕ್ ಎರಡು ನಿಮಿಷ ಹೆಚ್ಚಾದರೆ ಮಾಮೂಲಿ ಕೇಕ್ ಆಗಿಬಿಡುತ್ತದೆ. ಎರಡು ಉಂಡೆ ಐಸ್‌ಕ್ರೀಮ್ ಒಂದನ್ನೇ ಡೆಸರ್ಟ್ ಎಂದು ಎಣಿಸಿರುವ ಮೆನುವಿನ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಲೆಯ ದೃಷ್ಟಿಯಿಂದಲೂ ಒಂದು ಉಪಾಯವಿದೆ. ನಿಗದಿತ ದರದಲ್ಲಿ ಯಾವುದನ್ನು ಆರಿಸಿದರೂ ಅಷ್ಟೇ ದುಡ್ಡು. ಹಾಗಿರುವಾಗ ಮಾಮೂಲಿ ಮೆನುವಿನಲ್ಲಿ ಹೆಚ್ಚು ಬೆಲೆಯದನ್ನೋ, ಮನೆಯಲ್ಲಿ ಮಾಡಲಾಗದ್ದನ್ನೋ ಆರಿಸಿ. 12ರ ಸಲಾಡೂ 28ರ ಹೊಗೆಯಾಡಿಸಿದ ಮೀನೂ ಒಂದೇ ಸಾಲಿನಲ್ಲಿದ್ದರೆ ಯಾವುದೆಂದು ಬೇರೆ ಹೇಳಬೇಕಿಲ್ಲ. ಇಬ್ಬರಿದ್ದರೆ ಆರು ಬೇರೆ ಬೇರೆ ತಿನಿಸು ತರಿಸಿ ಹಂಚಿಕೊಳ್ಳಿ. ಒಂದು ಕೈಕೊಟ್ಟರೂ ಐದು ಉಳಿಯುತ್ತವೆ. ಒಂದು ಆಫರ್ ಊಟವನ್ನು ಇಬ್ಬರು ಹಂಚಿಕೊಳ್ಳುವುದಕ್ಕೆ ಮಾತ್ರ ಬಹುತೇಕ ಕಡೆ ಒಪ್ಪುವುದಿಲ್ಲ.

ಕುಡಿಯುವುದರ ಲೆಕ್ಕ

ಆಫರ್‌ನಲ್ಲಿ ಕಳೆದುಕೊಂಡದ್ದನ್ನು ರೆಸ್ಟೋರೆಂಟ್ ವಸೂಲು ಮಾಡುವುದೇ ಪಾನೀಯದಲ್ಲಿ. ಕೂತ ತಕ್ಷಣ ‘ಬಾಟಲಿ ನೀರು ಕೊಡಲೇ?’ ಎಂದು ಕೇಳಿದರೆ ಯೋಚಿಸದೆ ತಲೆಯಾಡಿಸಬೇಡಿ, ಸಾದಾ ನೀರು ಸಿಗುತ್ತದೆಯೇ ಎಂದು ಕೇಳಿ. ವೈನ್ ಕುಡಿಯುವವರಿಗೆ: 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಗ್ಲಾಸ್. ಬಾಟಲಿಯ ಬೆಲೆ ಸಾಮಾನ್ಯವಾಗಿ ನಾಲ್ಕು ಗ್ಲಾಸಿನ ಬೆಲೆಯ ಆಸುಪಾಸು. ಅಂದರೆ ಟೇಬಲ್‌ನಲ್ಲಿ ನಾಲ್ಕು ಗ್ಲಾಸ್ ದಾಟುವಂತಿದ್ದರೆ ಬಾಟಲಿ, ಅದಕ್ಕಿಂತ ಕಡಿಮೆಯಾದರೆ ಗ್ಲಾಸ್. ಕಾಕ್‌ಟೇಲ್‌ನ ಬೆಲೆ ಮೆನುವಿನಲ್ಲಿ ಕಾಣದಿದ್ದರೆ ಬಾಯಿಬಿಟ್ಟು ಕೇಳಿ. ಊಟ ಮುಗಿದ ಮೇಲೆ ಬರುವ ಕಾಫಿ ಆಫರ್‌ನಲ್ಲಿ ಸೇರಿದೆ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಸಾಮಾನ್ಯವಾಗಿ ಅದು ಬೇರೆ.

ಹಂತ 6: ಟೇಬಲ್‌ನಲ್ಲಿ

ಹೊತ್ತಿಗೆ ಐದು ನಿಮಿಷ ಮುಂಚೆ ಹೋಗಿ. ಸಾಮಾನ್ಯವಾಗಿ 15 ನಿಮಿಷ ಕಾಯುತ್ತಾರೆ, ಆಫರ್ ಕಾಲದಲ್ಲಿ ಅಷ್ಟೂ ಕಾಯದಿರಬಹುದು. ಇಬ್ಬರಿಗೆ ಒಂದೂವರೆ ಗಂಟೆ, ನಾಲ್ವರಿಗೆ ಎರಡು ಗಂಟೆ ಟೇಬಲ್ ಸಿಗುವುದು ವಾಡಿಕೆ. ನೀವು 20 ನಿಮಿಷ ತಡ ಮಾಡಿದರೆ ಆ 20 ನಿಮಿಷ ಕಡಿತವಾಗುವುದು ನಿಮ್ಮ ಡೆಸರ್ಟ್‌ನಿಂದ. ಮೂರು ಕೋರ್ಸ್‌ಗೆ ಒಂದೂವರೆ ಗಂಟೆ ಬಿಗಿಯಾಗಿಯೇ ಇರುತ್ತದೆ. ಕೂತು ಹತ್ತು ನಿಮಿಷದೊಳಗೆ ಆರ್ಡರ್ ಕೊಟ್ಟುಬಿಡಿ. ಮೆನುವನ್ನು ಮನೆಯಲ್ಲೇ ಓದಿ ಬಂದಿದ್ದರ ಇನ್ನೊಂದು ಲಾಭ ಇದು.

ಕೂತ ಮೇಲೆ ಮಾಮೂಲಿ ಮೆನು ಮಾತ್ರ ಕೈಗೆ ಬಂದರೆ ಗಾಬರಿಯಾಗಬೇಡಿ, ಮುಜುಗರವೂ ಬೇಡ. ‘ರೆಸ್ಟೋರೆಂಟ್ ವೀಕ್ ಮೆನುವನ್ನೂ ಕೊಡಿ’ ಎಂದು ಮೊದಲ ಮಾತಿಗೇ ಕೇಳಿ. ಕೇಳಿದವರಿಗೆ ಮಾತ್ರ ಕೊಡುವ ಜಾಗಗಳಿವೆ; ಆರ್ಡರ್ ಕೊಟ್ಟಾದ ಮೇಲೆ, ಅದರಲ್ಲೂ ಬಿಲ್ ಬಂದ ಮೇಲೆ ನೆನಪಾದರೆ ಏನೂ ಮಾಡಲಾಗುವುದಿಲ್ಲ. ಆರ್ಡರ್ ಕೊಡುವಾಗಲೂ ‘ಇದು ಆಫರ್ ಮೆನುವಿನದು’ ಎಂದು ಸ್ಪಷ್ಟವಾಗಿ ಹೇಳಿ. ಒಂದೇ ತಿನಿಸು ಎರಡೂ ಮೆನುವಿನಲ್ಲಿ ಇದ್ದಾಗ ಬಿಲ್ಲಿಂಗ್‌ನಲ್ಲಿ ತಪ್ಪು ಗುಂಡಿ ಒತ್ತುವುದು ಅಪರೂಪವೇನಲ್ಲ. ಸೈಡ್ ಡಿಶ್ ತರಲೇ ಎಂದು ಕೇಳಿದಾಗ ಮೇನ್ ಜತೆ ಏನೇನು ಬರುತ್ತದೆ ಎಂದು ವಿಚಾರಿಸಿ. ಮೂರು ಕೋರ್ಸ್ ತಿನ್ನುವವರಿಗೆ ಅದು ಬೇಕಾಗುವುದೇ ಇಲ್ಲ.

ತಟ್ಟೆಯ ಪ್ರಮಾಣ ಮಾಮೂಲಿಗಿಂತ ಚಿಕ್ಕದಿರಬಹುದು. ಮೂರು ಕೋರ್ಸ್ ಮುಗಿಸಬೇಕಾದ ಊಟದಲ್ಲಿ ಅದು ದೂರುವ ವಿಷಯವಲ್ಲ. ತಣ್ಣಗೆ ಬಂದದ್ದು, ಬೇಯದ್ದು, ಮೆನುವಿನಲ್ಲಿ ಹೇಳಿದ ಸಾಮಾನು ಇಲ್ಲದ್ದು ದೂರುವ ವಿಷಯ. ಎರಡು ತುತ್ತು ತಿಂದೊಡನೆ ಹೇಳಬೇಕು, ತಟ್ಟೆ ಖಾಲಿ ಮಾಡಿ ಅಲ್ಲ. ‘ಇದು ಒಳಗೆ ತಣ್ಣಗಿದೆ, ಬಿಸಿ ಮಾಡಿ ಕೊಡಿ’ ಎಂಬಂಥ ನಿರ್ದಿಷ್ಟ ಮಾತು ‘ಚೆನ್ನಾಗಿಲ್ಲ’ ಎನ್ನುವುದಕ್ಕಿಂತ ಬೇಗ ಕೆಲಸ ಮಾಡುತ್ತದೆ. ನೀವು ಆರಿಸಿದ್ದು ಮುಗಿದಿದೆ ಎಂದಾಗ ಅವರು ಹೇಳಿದ ಬದಲಿಗೆ ಹೂಂ ಎನ್ನುವ ಮುಂಚೆ ಹೆಚ್ಚುವರಿ ದರದ ಪಟ್ಟಿಯಲ್ಲಿರುವುದನ್ನು ಅದೇ ದರಕ್ಕೆ ಕೊಡುತ್ತೀರಾ ಎಂದು ಕೇಳಿ. ಕೊರತೆ ಅವರದಾದಾಗ ಒಪ್ಪುವ ಸಾಧ್ಯತೆ ಇರುತ್ತದೆ. ಎರಡು ಕೋರ್ಸ್ ನಡುವೆ 25 ನಿಮಿಷ ದಾಟಿದರೆ ವೇಟರ್‌ಗೆ ನೆನಪಿಸಿ. ಆರ್ಡರ್ ಚೀಟಿ ಕಳೆದುಹೋಗಿದ್ದರೂ ಹೋಗಿರಬಹುದು. ಟೇಬಲ್ ಬಿಡುವ ಗಡುವು ಹತ್ತಿರವಾಗಿ ಡೆಸರ್ಟ್ ಇನ್ನೂ ಬಂದಿಲ್ಲವಾದರೆ ಪಾರ್ಸೆಲ್ ಕೇಳಿ, ಇಲ್ಲವೇ ಕೌಂಟರ್‌ನಲ್ಲಿ ಕೂತು ತಿನ್ನುತ್ತೇವೆ ಎನ್ನಿ.

ಹಂತ 7: ಬಿಲ್

ಬಿಲ್ಲನ್ನು ಸಾಲುಸಾಲಾಗಿ ಓದಿ. ಆಫರ್ ದರ ಎಷ್ಟು ಜನರಿಗೆ ಬಿದ್ದಿದೆ? ಹೆಚ್ಚುವರಿ ದರ ಮೆನುವಿನಲ್ಲಿದ್ದಷ್ಟೇ ಇದೆಯೇ? ಕೇಳದ ಬ್ರೆಡ್, ನೀರು ಸೇರಿದೆಯೇ? ಕಾರ್ಡ್ ಕಡಿತಕ್ಕೆ ಅರ್ಹವಾಗಿದ್ದರೆ ಅದು ಬಿಲ್‌ನಲ್ಲಿಯೇ ಕಾಣಬೇಕೋ ಆಮೇಲೆ ಖಾತೆಗೆ ಜಮೆಯಾಗುತ್ತದೋ ತಿಳಿದಿರಲಿ.

ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಇದ್ದರೆ ಅದರ ಮೇಲೆ ಮತ್ತೆ ಟಿಪ್ಸ್ ಕೊಡಬೇಕಾಗಿಲ್ಲ. ಇಲ್ಲದಿದ್ದರೆ, ಶೇಕಡಾವಾರು ಟಿಪ್ಸ್ ಕೊಡುವುದು ರೂಢಿಯಲ್ಲಿರುವ ಕಡೆ, ರಿಯಾಯಿತಿ ದರದ ಮೇಲಲ್ಲ, ಮಾಮೂಲಿ ದರದ ಮೇಲೆ ಲೆಕ್ಕ ಹಾಕಿ. 80ರ ಮೇಲೆ 15% ಅಂದರೆ 12. 105ರ ಮೇಲಾದರೆ 15.75. ವ್ಯತ್ಯಾಸ ನಾಲ್ಕಕ್ಕಿಂತ ಕಡಿಮೆ. ಬಡಿಸುವವರು ಅದೇ ಮೂರು ತಟ್ಟೆ ಹೊತ್ತಿದ್ದಾರೆ, ಅದೂ ಮಾಮೂಲಿಗಿಂತ ಹೆಚ್ಚು ಟೇಬಲ್‌ಗಳ ನಡುವೆ ಓಡಾಡಿ. ಮಾಲೀಕರು ಕೊಟ್ಟ ರಿಯಾಯಿತಿ ಅವರ ಕೈಯಿಂದ ಹೋಗಬಾರದು.

ತಪ್ಪು ಕಂಡರೆ ಕಾರ್ಡ್ ಉಜ್ಜುವ ಮುಂಚೆಯೇ ತೋರಿಸಿ. ಆಗ ಬಿಲ್ ತಿದ್ದುವುದು ಒಂದು ನಿಮಿಷದ ಕೆಲಸ. ಹಣ ಕಟ್ಟಿಯಾದ ಮೇಲೆ ಮ್ಯಾನೇಜರ್ ಬರಬೇಕು, ಹಣ ಖಾತೆಗೆ ವಾಪಸಾಗಲು ಒಂದು ವಾರವೂ ಹಿಡಿಯಬಹುದು. ಬುಕಿಂಗ್ ವೇಳೆ ಮುಂಗಡ ಕಟ್ಟಿದ್ದರೆ ಅದು ಬಿಲ್‌ನಲ್ಲಿ ಕಳೆದಿದೆಯೇ ಎಂದು ನೋಡಿ, ಬಿಲ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಬುಕಿಂಗ್ ವೇಳೆ ಖಾತ್ರಿಗೆಂದು ಕಾರ್ಡ್ ಮೇಲೆ ತಡೆಹಿಡಿದ ಮೊತ್ತ ನಾಲ್ಕೈದು ದಿನದಲ್ಲಿ ಬಿಡುಗಡೆಯಾಗದಿದ್ದರೆ ಆ ಫೋಟೊ ತೋರಿಸಿಯೇ ಕೇಳಬೇಕಾಗುತ್ತದೆ.